ಡಿನ್ನರ್ ವೀಲ್ ಅಲ್ಲ, ಇನ್ನರ್ ವೀಲ್

ಇನ್ನರ್ ವೀಲ್ ಎಂದರೆ ಹೆಂಗಸರ ಸೇವಾ ಸಂಸ್ಥೆ, ಅದರ ಕ್ಲಬ್ಬೊಂದನ್ನು ನಾವು ಶುರು ಮಾಡಿದ ದಿನದ ವಿಡಿಯೊ ಇದು. ಜಮಖಾನ ಹಾಸುತ್ತಿರುವುದು ನಮ್ಮ ಮನೆಯ ಮಹಡಿಯ ಮೇಲೆ. ಹಿಂದೆ ಬೆಟ್ಟ ಕಾಣಬೇಕಿತ್ತು, ಚಿಕ್ಕಬಳ್ಳಾಪುರದ ಜನವರಿ ನೋಡಿ, ಇನ್ನೂ ಮಬ್ಬು. ಛತ್ರದವರು ಎರಡು ಗಂಟೆಗೆ ಆರು ಸಾವಿರ ಕೇಳಿದರು. ಹನ್ನೊಂದು ಜನ ಹೆಂಗಸರು ಕೂರುವುದಕ್ಕೆ ಆರು ಸಾವಿರವೇ?

ಈಗ ಆ ಬ್ಯಾನರ್ ಕಡೆ ನೋಡಿ. ನೋಡಿದಿರಾ? ‘ಡಿನ್ನರ್ ವೀಲ್ ಕ್ಲಬ್ ಉದ್ಘಾಟನೆ.’ ಅಂಗಡಿಯ ಹುಡುಗನಿಗೆ ಫೋನಿನಲ್ಲಿ ಮೂರು ಸಲ ಹೇಳಿದ್ದೆ, ಇ, ಇಲಿಯ ಇ ಎಂದು. ಎಂಟಡಿಗೆ ನಾಲ್ಕಡಿ, ಚದರಡಿಗೆ ಇಪ್ಪತ್ತರಂತೆ ಆರುನೂರ ನಲವತ್ತು ರೂಪಾಯಿ. ಕೇಳಿದರೆ ‘ಮೇಡಂ, ಇನ್ನರ್ ಎಂದರೆ ಬನಿಯನ್ ಅಲ್ಲವೇ? ತಪ್ಪಿರಬೇಕು ಎಂದು ನಾನೇ ತಿದ್ದಿದೆ’ ಎಂದ. ತಿದ್ದಿದ್ದಕ್ಕೆ ಉಪಕಾರ ಎನ್ನಬೇಕಂತೆ! ಹೊಸದಕ್ಕೆ ಮತ್ತೆ ಆರುನೂರ ನಲವತ್ತು ಎಂದ. ಕೊಡಲಿಲ್ಲ. ಪಕ್ಕದ ಮನೆಯ ಮಗುವಿನಿಂದ ಬಿಳಿ ಹಾಳೆಯ ಮೇಲೆ ದೊಡ್ಡ ‘ಇ’ ಬರೆಸಿ, ‘ಡಿ’ಯ ಮೇಲೆ ಅಂಟಿಸಿದ್ದೇವೆ. ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಅಷ್ಟರಲ್ಲೇ ಊಟ ಎಷ್ಟು ಗಂಟೆಗೆ ಎಂದು ತೆಲುಗಿನಲ್ಲಿ ವಿಚಾರಿಸಿಕೊಂಡು ಹೋದರು.

ಸಭೆ ಮೂರು ಗಂಟೆಗೆ. ಐದಕ್ಕೆ ಇಟ್ಟರೆ ಅರ್ಧ ಜನ ಬರುವುದಿಲ್ಲ, ಡೈರಿಗೆ ಹಾಲು ಹಾಕಬೇಕು.

ಇವತ್ತೇ ಏಕೆ ಎಂದರೆ, ಮಾರ್ಗರೆಟ್ ಗೋಲ್ಡಿಂಗ್ ಎಂಬ ನರ್ಸ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇನ್ನರ್ ವೀಲ್ ಶುರು ಮಾಡಿದ್ದು 1924ರ ಜನವರಿ 10ರಂದು. ಅದಕ್ಕೂ ಮುಂಚೆ, 1923ರ ನವೆಂಬರಿನಲ್ಲಿ, 27 ಮಂದಿ ಹೆಂಗಸರು ಒಂದು ಟರ್ಕಿಶ್ ಸ್ನಾನಗೃಹದಲ್ಲಿ ಸೇರಿ ಮಾತನಾಡಿದ್ದರು. ಇದನ್ನು ಹೇಳಿದಾಗ ಹೂವಿನ ತೋಟದ ಅಕ್ಕ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ‘ಸ್ನಾನದ ಮನೆಯಲ್ಲಾ? ಹಾಗಾದರೆ ನಿಮ್ಮ ಮಹಡಿ ಎಷ್ಟೋ ವಾಸಿ ಬಿಡಿ.’

ಆಗ ರೋಟರಿ ಎಂಬ ಸೇವಾ ಕ್ಲಬ್ಬಿನ ಸದಸ್ಯರ ಮನೆಯ ಹೆಂಗಸರಿಗೆ ಮಾತ್ರ ಪ್ರವೇಶ. ಗಂಡನ ಬಿಲ್ಲೆ ನೋಡಿ ಹೆಂಡತಿಗೆ ಕುರ್ಚಿ! ಆ ನಿಯಮ ಈಗ ಸಡಿಲವಾಗಿರುವುದರಿಂದ ಕೈ ಹಾಕಿದೆ. ನಮ್ಮ ಯಜಮಾನರು ರೋಟರಿ ಇರಲಿ, ಬಡಾವಣೆಯ ಸಭೆಗೂ ಹೋದವರಲ್ಲ.

ಸಭೆಗೆ ತಿಂಡಿ ತರಬೇಡಿ, ಶಿಸ್ತು ಇರಲಿ ಎಂದು ವಾಟ್ಸಾಪ್ ಗುಂಪಿನಲ್ಲಿ ಕಟ್ಟುನಿಟ್ಟಾಗಿ ಬರೆದಿದ್ದೆ. ತಿಂಡಿ ತರಲಿಲ್ಲ, ನೆನೆಸಿದ ಅವರೆಕಾಳಿನ ಬಕೆಟ್ ತಂದರು. ರಾತ್ರಿ ಹಿತಕಿದ ಬೇಳೆ ಸಾರು ಆಗಬೇಕಂತೆ. ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ, ಕೈ ಕೆಲಸದಲ್ಲಿದ್ದಾಗ ಯಾರೂ ಮೊಬೈಲ್ ಮುಟ್ಟುವುದಿಲ್ಲ, ಯಾರಿಗೂ ಮುಜುಗರವಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಈಗ ಪರದೆ ಮಸುಕಾಯಿತಲ್ಲ, ಅದು ಲೆನ್ಸಿಗೆ ಬಡಿದದ್ದು. ಮುಂದಿನ ಸಭೆಗೆ ಬಕೆಟ್ ಕಡ್ಡಾಯ ಮಾಡೋಣವೇ ಎಂದುಕೊಂಡಿದ್ದೇನೆ.

ಅಧ್ಯಕ್ಷೆ, ಕಾರ್ಯದರ್ಶಿ ಎರಡು ನಿಮಿಷದಲ್ಲಿ ಆಯಿತು. ಖಜಾಂಚಿ ಎಂದ ಕೂಡಲೇ ಎಲ್ಲರ ತಲೆ ಬಕೆಟಿನೊಳಗೆ! ದುಡ್ಡಿನ ಲೆಕ್ಕ ಇಟ್ಟು ಮಾತು ಕೇಳುವವರು ಯಾರು ಎಂದರು. ಚೀಟಿ ನಡೆಸುವ ಅಕ್ಕನನ್ನು ಪುಸಲಾಯಿಸಿದೆ: ಇನ್ನರ್ ವೀಲಿನ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ, ಆರು ತಿಂಗಳು ಕೂಡ ಇಲ್ಲ ಅಕ್ಕಾ ಎಂದು. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದರು. ಇಪ್ಪತ್ತು ಜನರ ಚೀಟಿ ಮನೆಯಲ್ಲಿ ಕೇಳಿ ಶುರು ಮಾಡಿದ್ದರೇ? ಕೇಳಿಯೇಬಿಟ್ಟೆ. ನಕ್ಕು, ಒಂದು ಹಿಡಿ ಅವರೆ ನನ್ನ ಕಡೆ ತಳ್ಳಿದರು. ಒಪ್ಪಿದರೋ ಇಲ್ಲವೋ, ಈಗಲೂ ತಿಳಿಯದು.

ಅಯ್ಯೋ, ಗಾಳಿ! ಆ ಹಾಳೆ ಹಿಡಿಯಿರಿ, ಯಾರಾದರೂ ‘ಇ’ ಹಿಡಿಯಿರಿ! ಹೋಯಿತು, ಪಕ್ಕದ ಮನೆಯ ಸಿಂಟೆಕ್ಸ್ ಮೇಲೆ ಕೂತಿತು. ಇರಲಿ, ಫೋಟೋ ತೆಗೆಯಿರಿ, ನಾಲ್ಕೂವರೆ ಆಯಿತು, ಹಸುಗಳು ಕಾಯುವುದಿಲ್ಲ.