ಮೊದಲು ಸ್ಪೀಕರ್ ಬದಲಿಸಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಳೆಯ ಸ್ಟೀರಿಯೊ ಸೆಟ್ ಇದೆ. ಕೈಯಲ್ಲಿ ಒಂದು 20,000 ರೂಪಾಯಿ ಇದೆ. ಆಂಪ್ಲಿಫೈಯರ್ ಬದಲಿಸುವುದೋ, ಸಿ.ಡಿ. ಪ್ಲೇಯರ್ ಬದಲಿಸುವುದೋ, ದಪ್ಪ ವೈರು ಹಾಕಿಸುವುದೋ? ಜನ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಸ್ಪೀಕರ್ ಬದಲಿಸಿ. ಮೊದಲು ಸ್ಪೀಕರ್. ಉಳಿದದ್ದೆಲ್ಲ ಆಮೇಲೆ.

ಯಾಕೆ ಅಂತೀರಾ? ಸಿ.ಡಿ. ಪ್ಲೇಯರ್ ಆಗಲಿ, ಆಂಪ್ಲಿಫೈಯರ್ ಆಗಲಿ, ಹೊರಗೆ ಕಳಿಸುವುದು ಬರೀ ವಿದ್ಯುತ್ತನ್ನು. ಆ ವಿದ್ಯುತ್ತನ್ನು ಗಾಳಿಯ ಅಲೆಯಾಗಿ ಮಾಡಿ ನಿಮ್ಮ ಕಿವಿಗೆ ಮುಟ್ಟಿಸುವುದು ಸ್ಪೀಕರ್. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್. ಇಷ್ಟೇ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರ್‌ಗಳು 1925ರಲ್ಲಿ ಈ ಬಗೆಯ ಸ್ಪೀಕರ್ ಮಾಡಿ ತೋರಿಸಿದರು. ಇವತ್ತಿಗೂ ನಮ್ಮ ಮನೆಗಳಲ್ಲಿ ದುಡಿಯುತ್ತಿರುವುದು ಹೆಚ್ಚುಕಡಿಮೆ ಅದೇ. ಕಾಗದ ಅಲುಗಾಡಿ ಪಿಟೀಲಿನ ದನಿಯೂ ಬರಬೇಕು, ಘಟದ ದನಿಯೂ ಬರಬೇಕು. ಎಂಥ ಕಷ್ಟದ ಕೆಲಸ ನೋಡಿ!

ಸಾಧಾರಣವಾದ ಆಂಪ್ಲಿಫೈಯರ್ ಕೂಡ ಇವತ್ತು ದನಿಯನ್ನು ಕೆಡಿಸುವುದು ಶೇಕಡಾ 0.1ಕ್ಕಿಂತ ಕಡಿಮೆ. ಚಿಕ್ಕ ಸ್ಪೀಕರಿನಲ್ಲಿ ಮಂದ್ರದ ಸ್ವರಗಳನ್ನು ಸ್ವಲ್ಪ ಜೋರಾಗಿ ಹಾಕಿ, ದನಿ ಕೆಡುವುದು ಶೇಕಡಾ 1ನ್ನು ಸುಲಭವಾಗಿ ದಾಟುತ್ತದೆ. ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂತು. ಅಂದಿನಿಂದಲೂ ಮನುಷ್ಯರ ಕಿವಿಗೆ ಕೇಳುವ 20ರಿಂದ 20,000 ಹರ್ಟ್ಸ್‌ವರೆಗಿನ ಎಲ್ಲವೂ ಅದರಲ್ಲಿದೆ. ಕೊರತೆ ಇರುವುದು ಅಲ್ಲಲ್ಲ. ಕೊರತೆ ಇರುವುದು ಸ್ಪೀಕರಿನಲ್ಲಿ.

ಇದನ್ನು ಹೇಳುವಾಗಲೆಲ್ಲ ನನಗೆ ಬಸವನಗುಡಿಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಸಂಗೀತ ಎಂದರೆ ಪ್ರಾಣ. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳಲ್ಲಿ ಅವರು ಇದ್ದೇ ಇರುತ್ತಾರೆ. ಅವರದು ಒಂದೇ ದೂರು. "ಸಾರ್, ಮೈದಾನದಲ್ಲಿ ಕೇಳೋ ಮೃದಂಗ ನಮ್ಮನೇಲಿ ಕೇಳೋದೇ ಇಲ್ಲ. ಬಲಗಡೆ ಮಾತ್ರ ಟಣಟಣ ಅನ್ನುತ್ತೆ. ಎಡಗಡೆ ತೊಪ್ಪಿಯ ಗುಮ್ಕಿ ಎಲ್ಲಿ ಹೋಯ್ತೋ!" ತೊಪ್ಪಿ ಅಂದರೆ ಮೃದಂಗದ ಎಡಗಡೆಯ ಮುಖ, ಗುಮ್ಕಿ ಅಂದರೆ ಅದರಿಂದ ಬರುವ ತುಂಬಿದ ತಗ್ಗಿನ ದನಿ.

ಅಂಗಡಿಯವರು ಹೇಳಿದರಂತೆ, ನಿಮ್ಮದು 50 ವ್ಯಾಟ್ ಆಂಪ್ಲಿಫೈಯರ್, ಸಾಲದು, 100 ವ್ಯಾಟ್ ತೊಗೊಳ್ಳಿ ಅಂತ. ತೊಗೊಂಡರು. ಗುಮ್ಕಿ ಬರಲಿಲ್ಲ. ಆಮೇಲೆ ಹೆಬ್ಬೆರಳು ಗಾತ್ರದ ವೈರು ಬಂತು. ಆಮೇಲೆ ಹೊಸ ಸಿ.ಡಿ. ಪ್ಲೇಯರ್ ಬಂತು. ಪ್ರತಿ ಸಲವೂ ಫೋನ್ ಮಾಡುತ್ತಿದ್ದರು. "ಸ್ವಲ್ಪ ಸುಧಾರಿಸಿದೆ ಅನ್ಸುತ್ತೆ, ಅಲ್ವಾ?" ಸುಧಾರಿಸಿರಲಿಲ್ಲ. ಖರ್ಚು ಮಾಡಿದ ಮೇಲೆ ಮನಸ್ಸು ಹಾಗೆ ಹೇಳಿಕೊಳ್ಳುತ್ತದೆ, ಅಷ್ಟೆ.

ಕೊನೆಗೆ ನಾನೇ ಅವರ ಮನೆಗೆ ಹೋದೆ. ಸ್ಪೀಕರುಗಳು ಎಲ್ಲಿದ್ದವು ಗೊತ್ತಾ? ಶೋಕೇಸಿನೊಳಗೆ! ಒಂದು ಮೇಲಿನ ಅರೆಯಲ್ಲಿ ದಸರಾ ಬೊಂಬೆಗಳ ಪಕ್ಕ, ಇನ್ನೊಂದು ಕೆಳಗೆ, ಅಡ್ಡ ಮಲಗಿಸಿದ್ದರು. ಮುಂದೆ ಗಾಜಿನ ಬಾಗಿಲು. ಹೊರಗೆ ತೆಗೆದು ನೋಡಿದೆ. ಕೋನಿನ ಸುತ್ತ ಇರುವ ಫೋಮ್ ಪಟ್ಟಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಕೋನ್ ಒತ್ತಿದರೆ ಒಳಗೆ ಸುರುಳಿ ಕರಕರ ಎನ್ನುತ್ತಿತ್ತು. ಸಾಲದ್ದಕ್ಕೆ ಒಂದು ಸ್ಪೀಕರಿಗೆ ಕೆಂಪು ಕಪ್ಪು ವೈರು ಅದಲುಬದಲಾಗಿತ್ತು. ಹಾಗಾದಾಗ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ತಗ್ಗಿನ ದನಿಯನ್ನು ಎರಡೂ ಸೇರಿ ಅಳಿಸಿಹಾಕುತ್ತವೆ.

ವೈರು ಸರಿಪಡಿಸಿದೆ. ಎರಡನ್ನೂ ಸ್ಟೂಲಿನ ಮೇಲೆ ಎದುರಿಗೆ ಇಟ್ಟೆ. ಹಾಡುಗಾರರ ದನಿ ಗೋಡೆ ಬಿಟ್ಟು ನಡುಮಧ್ಯಕ್ಕೆ ಬಂದು ಕೂತಿತು. ಒಂದು ಪೈಸೆ ಖರ್ಚಿಲ್ಲ. ಆದರೆ ಗುಮ್ಕಿ ಇನ್ನೂ ಇಲ್ಲ. ಹರಿದ ಸ್ಪೀಕರಿನಿಂದ ಅದು ಬರುವುದಾದರೂ ಹೇಗೆ?

ಮಾರನೆಯ ದಿನ ನನ್ನ ಹತ್ತಿರ ಇದ್ದ ಒಂದು ಜೊತೆ ಸ್ಪೀಕರನ್ನು ಆಟೊದಲ್ಲಿ ಒಯ್ದೆ. ಹೊಸ 100 ವ್ಯಾಟ್ ಆಂಪ್ಲಿಫೈಯರ್ ಮುಟ್ಟಲಿಲ್ಲ. ಅಟ್ಟದ ಮೇಲಿದ್ದ ಹಳೆಯ 50 ವ್ಯಾಟಿನದನ್ನೇ ಕೆಳಗಿಳಿಸಿ, ಧೂಳು ಒರೆಸಿ ಜೋಡಿಸಿದೆ. ಹಳೆಯ ಸಿ.ಡಿ. ಪ್ಲೇಯರ್, ಮಾಮೂಲಿ ತಾಮ್ರದ ವೈರು. ಒಂದು ತನಿ ಆವರ್ತನ, ಅಂದರೆ ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ, ಹಾಕಿದೆವು. ಹಿರಿಯರು ಕುರ್ಚಿಯಿಂದ ಎದ್ದೇ ಬಿಟ್ಟರು. "ತೊಪ್ಪಿ ಬಂತು! ತೊಪ್ಪಿ ಬಂತು!" ಅಂದರು. ಆ ತನಿಯನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಆ ಹೊಸ ಆಂಪ್ಲಿಫೈಯರ್?" ಅಂದರು. ಮಾರಿ, ಆ ದುಡ್ಡಿಗೆ ಸ್ಪೀಕರ್ ತೊಗೊಳ್ಳಿ ಅಂದೆ. ಹಾಗೇ ಮಾಡಿದರು.

ಈ ವ್ಯಾಟಿನ ವಿಷಯ ದಯವಿಟ್ಟು ತಿಳಿದುಕೊಳ್ಳಿ. 50 ವ್ಯಾಟ್ 100 ಆದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. ಸದ್ದಿನ ಅಳತೆಯಾದ ಡೆಸಿಬಲ್ ಲೆಕ್ಕದಲ್ಲಿ ಬರೀ 3 ಡೆಸಿಬಲ್ ಜಾಸ್ತಿ ಆಗುತ್ತದೆ, ಅಷ್ಟೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವುದನ್ನು ಸ್ಪೀಕರಿಗೂ ಡೆಸಿಬಲ್‌ನಲ್ಲಿ ಹೇಳುತ್ತಾರೆ. 87 ಡೆಸಿಬಲ್ ಸ್ಪೀಕರ್ ಬಿಟ್ಟು 90 ಡೆಸಿಬಲ್ ಸ್ಪೀಕರ್ ತಂದರೆ, ಆ 3 ಡೆಸಿಬಲ್ ಪುಕ್ಕಟೆ ಸಿಕ್ಕಿತು. ಇನ್ನು ಡಬ್ಬಿಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿ.ಎಂ.ಪಿ.ಓ. ಅಂತ ಬರೆದಿರುತ್ತಾರಲ್ಲ, ಅದು ಕ್ಷಣಮಾತ್ರದ ಗರಿಷ್ಠದ ಲೆಕ್ಕ, ಅದನ್ನು ನೋಡಲೇಬೇಡಿ. ಆರ್.ಎಂ.ಎಸ್., ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಅಂತ ಕೇಳಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಎರಡು ಸ್ಪೀಕರ್, ನೀವು ಕೂರುವ ಜಾಗ, ಮೂರೂ ಒಂದು ತ್ರಿಕೋನ ಆಗಲಿ. ಟ್ವೀಟರ್, ಅಂದರೆ ತಾರದ ಸ್ವರ ಹೊರಡಿಸುವ ಚಿಕ್ಕ ಭಾಗ, ನಿಮ್ಮ ಕಿವಿಯ ಎತ್ತರಕ್ಕೆ ಇರಲಿ. ಮೂಲೆಗೆ ತಳ್ಳಬೇಡಿ, ದನಿ ಗುಂಯ್ ಅನ್ನುತ್ತದೆ. ಗ್ರಾನೈಟ್ ನೆಲ, ಬರಿಗೋಡೆ ಇದ್ದರೆ ಒಂದು ಜಮಖಾನ ಹಾಸಿ, ಪರದೆ ಹಾಕಿ.

ಎಲ್.ಪಿ. ರೆಕಾರ್ಡ್ ಕೇಳುವವರು ಮಾತ್ರ ಮೊದಲು ಮುಳ್ಳು ನೋಡಿಕೊಳ್ಳಿ. ಸವೆದ ಮುಳ್ಳು ರೆಕಾರ್ಡನ್ನೇ ಕೆರೆದು ಹಾಳು ಮಾಡುತ್ತದೆ. ಮುಳ್ಳು ಹಾಕಿಸಿದ ಮೇಲೆ ನಿಮಗೂ ಅದೇ ಮಾತು, ಸ್ಪೀಕರ್.

20,000 ರೂಪಾಯಿಯಲ್ಲಿ 19,000 ಸ್ಪೀಕರಿಗೇ ಹಾಕಿ. ಮಿಕ್ಕಿದ್ದರಲ್ಲಿ ಸ್ಟ್ಯಾಂಡು, 1.5 ಚದರ ಮಿಲಿಮೀಟರಿನ ತಾಮ್ರದ ವೈರು. ಸ್ಪೀಕರ್ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಕೋನನ್ನು ಎರಡು ಬದಿಯಲ್ಲೂ ಬೆರಳಿಟ್ಟು ಹಗುರವಾಗಿ ಒತ್ತಿ ನೋಡಿ, ಕರಕರ ಅಂದರೆ ಬೇಡ. ಫೋಮ್ ಮಾತ್ರ ಹೋಗಿದ್ದರೆ ಹೊಸದು ಅಂಟಿಸಿಕೊಡುವ ರಿಪೇರಿಯವರಿದ್ದಾರೆ.

ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠ ಆಗಿರುವ ಒಂದು ಹಾಡನ್ನು ಒಯ್ಯಿರಿ. ಅವರು ಹಾಕುವ ಢಂಢಂ ಹಾಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಬೇಸ್, ಟ್ರೆಬಲ್ ಎರಡನ್ನೂ ಮಧ್ಯದಲ್ಲಿ ಇಡಿಸಿ. ಎರಡು ಜೊತೆ ಸ್ಪೀಕರ್ ಹೋಲಿಸುವಾಗ ಸದ್ದು ಒಂದೇ ಸಮ ಇರಲಿ, ಯಾಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದೆ. ಅರ್ಧ ಗಂಟೆ ಕೂತು ಕೇಳಿ. ಅಷ್ಟು ಹೊತ್ತು ಕೂರಲು ಬಿಡದಿದ್ದರೆ ಎದ್ದು ಪಕ್ಕದ ಅಂಗಡಿಗೆ ಹೋಗಿ. ನಮಸ್ಕಾರ.