ಮೋಡ ಇದೆ, ಮಳೆ ಇಲ್ಲ: ಲಿಮಾ ಊರಿನ ಮಾತು

ಎಲ್ಲರಿಗೂ ನಮಸ್ಕಾರ. ಪೆರು ದೇಶದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅಲ್ಲಿನ ಹೆಸರುವಾಸಿ ಹಳೇ ಇಂಕಾ ಊರು ಮಾಚು ಪಿಚುಗೆ ನಾನು ಹೋಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ನಾನು ನೋಡಿದ್ದು ರಾಜಧಾನಿ ಲಿಮಾ ಒಂದೇ. ಮಗಳಿಗೆ ಅಲ್ಲಿ ಆರು ವಾರದ ಕೆಲಸ ಬಂತು, ನಾನೂ ಜೊತೆಗೆ ಹೊರಟೆ, ಅಷ್ಟೇ.

ಹೊರಟಿದ್ದು ಜುಲೈನಲ್ಲಿ. ತೀರ್ಥಹಳ್ಳಿ ಕಡೆ ಪುನರ್ವಸು ಮಳೆ ಹಿಡಿದು ಬಾರಿಸುತ್ತಿತ್ತು, ನಾಲ್ಕು ದಿನವಾದರೂ ಬಟ್ಟೆ ಒಣಗದೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ನೇತುಹಾಕಿದ್ದೆವು. ಲಿಮಾದಲ್ಲಿ ಇಳಿದರೆ ಅಲ್ಲೂ ಅದೇ ಆಕಾಶ. ಬೂದು ಬಣ್ಣ, ತಲೆ ಮೇಲೇ ಕೂತಂಥ ಮೋಡ, ಇನ್ನೇನು ಸುರಿದೇ ಬಿಟ್ಟಿತು ಅನ್ನುವ ಹಾಗೆ. ಮಲೆನಾಡಿನವನು ನಾನು, ಛತ್ರಿ ಹಿಡಿದುಕೊಂಡೇ ಓಡಾಡಿದೆ. ಒಂದು ದಿನ, ಎರಡು ದಿನ, ಒಂದು ವಾರ. ಒಂದು ಹನಿ ಇಲ್ಲ. ನಾವಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ, ಕೊನೆಗೆ ಮಗಳನ್ನು ಕೇಳಿದರಂತೆ: ನಿಮ್ಮಪ್ಪನಿಗೆ ಕಾಲು ನೋವಾ, ಕೋಲಿನ ಬದಲು ಅದನ್ನು ಊರಿಕೊಂಡು ಹೋಗುತ್ತಾರಾ?

ಆ ಆಕಾಶಕ್ಕೆ ಅಲ್ಲಿಯವರು 'ಪಾನ್ಸಾ ದೆ ಬುರ್ರೊ' ಅನ್ನುತ್ತಾರೆ. ಕತ್ತೆ ಹೊಟ್ಟೆ. ಬೂದುಗತ್ತೆಯ ಕೆಳಗೆ ಮಲಗಿ ಮೇಲೆ ನೋಡಿದರೆ ಏನು ಕಾಣುತ್ತದೋ ಅದು. ಹೆಚ್ಚುಕಮ್ಮಿ ಮೇ ತಿಂಗಳಿಂದ ನವೆಂಬರ್‌ವರೆಗೂ ಇದೇ.

ನನಗೆ ತಲೆ ಕೆಟ್ಟಿದ್ದು ಭೂಪಟ ನೋಡಿದಾಗ. ಮಂಗಳೂರು ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ, ಲಿಮಾ ದಕ್ಷಿಣಕ್ಕೆ 12 ಡಿಗ್ರಿ. ಎರಡೂ ಕಡಲ ದಂಡೆ. ಮಂಗಳೂರಿನಲ್ಲಿ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಲಿಮಾ ಮಾತ್ರ ಮರುಭೂಮಿ. ಕಾರಣ ಸಮುದ್ರದಲ್ಲೇ ಇದೆ. ದಕ್ಷಿಣದಿಂದ ಹಂಬೋಲ್ಟ್ ಪ್ರವಾಹ ಅಂತ ತಣ್ಣೀರು ದಂಡೆ ಸವರಿಕೊಂಡು ಬರುತ್ತದೆ, ಅದರ ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ, ಅದರ ಮೇಲೆ ಬಿಸಿ ಗಾಳಿ ಮುಚ್ಚಳ ಹಾಕಿದ ಹಾಗೆ. ಮೋಡ ಮೇಲೇಳದಿದ್ದರೆ ಮಳೆ ಎಲ್ಲಿಂದ ಬರಬೇಕು? ಪೂರ್ವದಿಂದ ಅಮೆಜಾನ್ ಕಾಡಿನ ಮಳೆ ಬರೋಣ ಅಂದರೆ ಮಧ್ಯದಲ್ಲಿ ಆಂಡಿಸ್ ಬೆಟ್ಟ. ಸಾಮಾನ್ಯ ವರ್ಷಗಳಲ್ಲಿ ಇಡೀ ವರ್ಷಕ್ಕೆ ಬೀಳುವುದು ಒಂದೆರಡು ಸೆಂಟಿಮೀಟರ್, ಅದೂ ಜಾಸ್ತಿ ಹೇಳಿದೆ. ಇಂಥ ಜಾಗದಲ್ಲಿ ಸುಮಾರು ಒಂದು ಕೋಟಿ ಜನ ಇದ್ದಾರೆ!

ಇದು ಗೊತ್ತಾದ ಮೇಲೆ ಊರೇ ಬೇರೆ ಥರ ಕಾಣಿಸಿತು. ಮನೆಗಳಿಗೆ ಇಳಿಜಾರು ಮಾಡಿಲ್ಲ, ಹೆಂಚಿಲ್ಲ, ಎಲ್ಲ ಚಪ್ಪಟೆ ತಾರಸಿ. ಮೇಲೆ ಹಳೇ ಕುರ್ಚಿ, ಮುರಿದ ಮಂಚ, ಒಣಹಾಕಿದ ಬಟ್ಟೆ, ಬೊಗಳುವ ನಾಯಿ. ನಾಯಿಗಳನ್ನು ತಾರಸಿ ಮೇಲೇ ಸಾಕುತ್ತಾರೆ, ನಡೆದು ಹೋಗುವವರಿಗೆಲ್ಲ ಆಕಾಶದಿಂದ ಬೈಗುಳ.

ಮಿರಾಫ್ಲೋರೆಸ್ ಅಂತ ಶ್ರೀಮಂತರ ಬಡಾವಣೆ. ಅದರ ನಡುವೆ, ಅಪಾರ್ಟ್‌ಮೆಂಟುಗಳು ಸುತ್ತುವರಿದ ಜಾಗದಲ್ಲಿ ಉವಾಕಾ ಪುಕ್ಯಾನಾ ಇದೆ. ಇಂಕಾ ಅರಸರಿಗಿಂತ ಎಷ್ಟೋ ಮೊದಲು, ಸುಮಾರು 1,500 ವರ್ಷದ ಹಿಂದೆ ಕಟ್ಟಿದ ದೊಡ್ಡ ದಿಬ್ಬ. ಸುಟ್ಟ ಇಟ್ಟಿಗೆಯಲ್ಲ, ಬರೀ ಹಸಿ ಮಣ್ಣಿನ ಇಟ್ಟಿಗೆ. ಅದನ್ನು ಮಲಗಿಸಿಲ್ಲ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ್ದಾರೆ, ನಡುವೆ ಸ್ವಲ್ಪ ಸಂದು ಬಿಟ್ಟು. ಭೂಕಂಪ ಬಂದರೆ ಅಲುಗಾಡಲು ಜಾಗ ಇರಲಿ ಅಂತ. ನಾನು ಹತ್ತಿರ ಹೋಗಿ ನೋಡುತ್ತಾ ನಿಂತುಬಿಟ್ಟೆ, ಗೈಡ್ ಗುಂಪಿನ ಜೊತೆ ಮುಂದೆ ಹೋಗಿದ್ದೂ ಗೊತ್ತಾಗಲಿಲ್ಲ. ನಮ್ಮ ಕೊಟ್ಟಿಗೆಯ ಮಣ್ಣಿನ ಗೋಡೆಗೆ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟದಿದ್ದರೆ ಒಂದು ವರ್ಷ ತಡೆಯುವುದಿಲ್ಲ ಅಲ್ವಾ? ಇಲ್ಲಿ ನೋಡಿದರೆ ಇಟ್ಟಿಗೆಯ ಅಂಚು ಇನ್ನೂ ಅಂಚಾಗಿಯೇ ಇತ್ತು.

ಸ್ಪೇನಿನ ಪಿಸಾರೊ 1535ರಲ್ಲಿ ಸ್ಥಾಪಿಸಿದ ಹಳೇ ಪಟ್ಟಣ, ದೊಡ್ಡ ಚೌಕ, ಚರ್ಚುಗಳು, ಸ್ಯಾನ್ ಫ್ರಾನ್ಸಿಸ್ಕೊ ಮಠದ ನೆಲಮಾಳಿಗೆಯಲ್ಲಿ ಜೋಡಿಸಿಟ್ಟ ಮನುಷ್ಯರ ಮೂಳೆ, ಇವೆಲ್ಲ ಫೋಟೋದಲ್ಲಿ ಸಿಗುತ್ತವೆ, ಬಿಡಿ. ಫೋಟೋದಲ್ಲಿ ಸಿಗದಿದ್ದು ಕೊಂಬಿ ಅನ್ನುವ ಪುಟ್ಟ ಬಸ್ಸುಗಳು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ 'ಸೂಬೆ ಸೂಬೆ ಸೂಬೆ' ಅಂತ ಕೂಗುತ್ತಾನೆ. ಹತ್ತಿ ಹತ್ತಿ ಅಂತ. ಭಾಷೆ ಬರದಿದ್ದರೂ ನನಗೆ ಮೊದಲ ದಿನವೇ ಅರ್ಥವಾಯಿತು, ಶಿವಮೊಗ್ಗದ ಪ್ರೈವೇಟ್ ಬಸ್ ಸ್ಟ್ಯಾಂಡಿನ ರಾಗ ಅದು.

ಊಟದ ಚಿಂತೆ ಇತ್ತು. ನಾನು ಮೀನು ತಿನ್ನುವುದಿಲ್ಲ, ಲಿಮಾದ ಹೆಮ್ಮೆಯೇ ನಿಂಬೆರಸ ಹಿಂಡಿದ ಹಸಿ ಮೀನಿನ ಸೆವಿಚೆ. ಕೈ ಹಿಡಿದಿದ್ದು ಆಲೂಗಡ್ಡೆ. ಹುಟ್ಟಿದ್ದೇ ಅಲ್ಲಿನ ಬೆಟ್ಟದಲ್ಲಿ. ಲಿಮಾದ ಲಾ ಮೊಲಿನಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೇ ಇದೆ, ಸಾವಿರಾರು ತಳಿ ಕಾಪಾಡಿ ಇಟ್ಟಿದ್ದಾರೆ. ಸುರ್ಕಿಯೊ ಮಾರ್ಕೆಟ್ಟಿನಲ್ಲಿ ಹಳದಿ, ನೇರಳೆ, ಶುಂಠಿ ಥರ ಗಂಟುಗಂಟಾಗಿದ್ದು, ಎಲ್ಲ ರಾಶಿ ಹಾಕಿದ್ದರು. ಹಾಸನದ ಆಲೂಗಡ್ಡೆ ಒಂದನ್ನೇ ನೋಡಿ ಬೆಳೆದವನಿಗೆ ಇದು ಆಲೂಗಡ್ಡೆ ಅಂತ ನಂಬಲೇ ಕಷ್ಟ. ಅಜ್ಜಿ ಹಳದಿ ಗಡ್ಡೆ ಬೇಯಿಸಿ, ನಾದಿ, ನಿಂಬೆರಸ, ಹಳದಿ ಮೆಣಸಿನಕಾಯಿ ಅರೆದು ಹಾಕಿ, ತಣ್ಣಗೆ ಮಾಡಿ ಕೊಡುತ್ತಿದ್ದರು. 'ಕೌಸಾ' ಅಂತ ಹೆಸರು. ಒಗ್ಗರಣೆ ಇಲ್ಲದ್ದೊಂದು ಕೊರತೆ.

ಇನ್ನು ನೀರು. ಊರಿಗೆಲ್ಲ ಮುಖ್ಯ ಆಧಾರ ಬೆಟ್ಟದಿಂದ ಇಳಿಯುವ ರಿಮಾಕ್ ನದಿ. ಊರಂಚಿನ ಗುಡ್ಡಗಳಲ್ಲಿ ಮನೆ ಕಟ್ಟಿಕೊಂಡವರಿಗೆ ನಲ್ಲಿ ಇಲ್ಲ, ಟ್ಯಾಂಕರ್ ಬರಬೇಕು. ನಲ್ಲಿ ಇರುವ ಶ್ರೀಮಂತರಿಗಿಂತ ಲೀಟರಿಗೆ ಜಾಸ್ತಿ ದುಡ್ಡು ಕೊಡುವುದು ಇವರೇ. ಕೆಲವು ಕಡೆ ಗುಡ್ಡದ ಮೇಲೆ ಬಲೆ ಕಟ್ಟಿ ಮಂಜಿನಿಂದ ಹನಿ ಹನಿ ನೀರು ಹಿಡಿಯುತ್ತಾರೆ.

ಅಜ್ಜಿಯ ಅಡುಗೆಮನೆಯಲ್ಲಿ ಸೊಂಟದೆತ್ತರದ ನೀಲಿ ಡ್ರಮ್ ಒಂದಿತ್ತು, ಯಾವಾಗಲೂ ತುಂಬಿರುತ್ತಿತ್ತು. ನಲ್ಲಿ ಇದೆಯಲ್ಲ, ಇದ್ಯಾಕೆ ಅಂದೆ. 2017ರ ಮಾರ್ಚ್ ಕಥೆ ಹೇಳಿದರು. ಆ ವರ್ಷ ಕಡಲು ಬಿಸಿಯಾಗಿ ಬೆಟ್ಟದ ಕಡೆ ಭಾರಿ ಮಳೆ ಬಂತು, ನದಿಯಲ್ಲಿ ಕೆಸರು, ಬಂಡೆ ಕೊಚ್ಚಿಕೊಂಡು ಬಂದು ನೀರು ಶುದ್ಧ ಮಾಡಲಾಗದೆ ಊರಿನ ನಲ್ಲಿಗಳು ದಿನಗಟ್ಟಲೆ ನಿಂತವು. ಅಂಗಡಿಯಲ್ಲಿ ಬಾಟಲಿ ನೀರೂ ಖಾಲಿ. ಮಳೆ ಬಂದಿದ್ದಕ್ಕೇ ನೀರು ಹೋಯಿತು ನೋಡಿ, ಅಂದರು.

ಆಮೇಲೆ ನಿಮ್ಮೂರಲ್ಲಿ ಎಷ್ಟು ಮಳೆ ಅಂತ ಕೇಳಿದರು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರ್‌ಗೂ ಜಾಸ್ತಿ ಅಂದೆ. ಮಗಳು ತಪ್ಪು ಹೇಳಿದಳು ಅಂದುಕೊಂಡು ಇನ್ನೊಂದು ಸಲ ಕೇಳಿದರು. ನಾನು ಕೈಯೆತ್ತಿ ಅವರ ಎರಡಂತಸ್ತಿನ ಮನೆಯ ತಾರಸಿ ತೋರಿಸಿದೆ, ಅಷ್ಟು ಎತ್ತರ ನೀರು ಅಂತ. ಅಜ್ಜಿ ಸುಮಾರು ಹೊತ್ತು ಮೇಲೆ ನೋಡಿ, 'ಹಾಗಾದ್ರೆ ನಿಮಗೆ ನೀರಿನ ತೊಂದರೆ ಅಂದ್ರೇನು ಅಂತಲೇ ಗೊತ್ತಿಲ್ಲ ಅಲ್ವಾ' ಅಂದರು. ನಾವು ಹೊರಟ ವರ್ಷವೇ ಏಪ್ರಿಲ್‌ನಲ್ಲಿ ನಮ್ಮ ಕೇರಿಗೆ ವಾರಕ್ಕೆ ಎರಡು ಸಲ ಟ್ಯಾಂಕರ್ ಬಂದಿತ್ತು. ಏನು ಹೇಳಲಿ ಅಂತ ಮಗಳು ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು.