ತುಂಬದೆ ಬಿಟ್ಟ ಜಾಗ

ಶ್ರೋತೃಗಳೆ, ನಮಸ್ಕಾರ.

ಬಾನುಲಿಯವರಿಗೆ ಮೌನವೆಂದರೆ ಭಯ. ನಾನು ಮಾತಿನ ನಡುವೆ ನಾಲ್ಕು ಸೆಕೆಂಡು ಸುಮ್ಮನಾದರೆ ಸಾಕು, ಗಾಜಿನಾಚೆ ಕೂತ ತಂತ್ರಜ್ಞರು ತಲೆ ಎತ್ತಿ ನೋಡುತ್ತಾರೆ. ಅಂಥ ಕಡೆ ಕೂತು, ಸದ್ದಿಗಿಂತ ಬಿಡುವನ್ನೇ ಹೆಚ್ಚು ನೆಚ್ಚಿಕೊಂಡ ಒಂದು ಆಲ್ಬಮ್ಮಿನ ಬಗ್ಗೆ ಮಾತನಾಡಲು ಹೊರಟಿದ್ದೇನೆ. ಲಂಡನ್ನಿನ ‘ದಿ ಎಕ್ಸ್ಎಕ್ಸ್’ ತಂಡದ ಮೊದಲ ಆಲ್ಬಂ ಅದು. ಬಂದದ್ದು 2009ರ ಆಗಸ್ಟ್‌ನಲ್ಲಿ. ಆಲ್ಬಮ್ಮಿನ ಹೆಸರೂ ಬರೀ ‘ಎಕ್ಸ್ಎಕ್ಸ್’. ಮುಖಪುಟದಲ್ಲಿ ಕಪ್ಪು ಹಿನ್ನೆಲೆಗೆ ಒಂದು ದೊಡ್ಡ ಬಿಳಿ ಇಂಟು ಗುರುತು, ಅಷ್ಟೆ.

ನೈಋತ್ಯ ಲಂಡನ್ನಿನ ಪಟ್ನಿಯಲ್ಲಿ ಎಲಿಯಟ್ ಸ್ಕೂಲ್ ಎಂಬ ಸರ್ಕಾರಿ ಶಾಲೆಯಿತ್ತು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಹೆಸರಾದ ಬೆರಿಯಲ್, ಫೋರ್ ಟೆಟ್, ಹಾಟ್ ಚಿಪ್ ತಂಡದವರು, ಇವರೆಲ್ಲ ಓದಿದ್ದು ಅಲ್ಲೇ, ನಮ್ಮ ಈ ತಂಡದವರೂ ಅಲ್ಲೇ. ಆ ಮಣ್ಣಿನ ಗುಣವೋ ಏನೋ! ರೋಮಿ ಮ್ಯಾಡ್ಲಿ ಕ್ರಾಫ್ಟ್ ಮತ್ತು ಆಲಿವರ್ ಸಿಮ್ ಎಳವೆಯಿಂದಲೂ ಗೆಳೆಯರು. ಇಬ್ಬರೂ ಹಾಡುತ್ತಾರೆ, ಆಕೆಯ ಕೈಯಲ್ಲಿ ಗಿಟಾರ್, ಈತನ ಕೈಯಲ್ಲಿ ತಗ್ಗಿನ ಸ್ವರದ ಬೇಸ್ ಗಿಟಾರ್. ಜೊತೆಗೆ ಬಾರಿಯಾ ಖುರೇಶಿ, ಜೇಮಿ ಸ್ಮಿತ್. ಡ್ರಮ್ಸ್ ಬಾರಿಸುವವರು ಯಾರೂ ಇಲ್ಲ. ಜೇಮಿಯ ಮುಂದೆ ಎಂಪಿಸಿ ಎಂಬ ಪೆಟ್ಟಿಗೆ, ಅದರ ಮೇಲೆ 16 ರಬ್ಬರ್ ಚೌಕಗಳು. ಒಂದೊಂದು ಚೌಕದಲ್ಲೂ ಒಂದೊಂದು ನಾದ ತುಂಬಿಟ್ಟು, ವೇದಿಕೆಯ ಮೇಲೆ ಘಟ ನುಡಿಸುವವರಂತೆ ಬೆರಳಲ್ಲೇ ತಾಳ ಹಾಕುತ್ತಾನೆ.

ಡಿಪ್ಲೊ, ಕ್ವೆಸ್‌ರಂಥ ಸಂಗೀತ ನಿರ್ಮಾಪಕರ ಜೊತೆ ಮೊದಲು ಪ್ರಯತ್ನಿಸಿದ್ದುಂಟು. ಒಗ್ಗಲಿಲ್ಲ. ಕೊನೆಗೆ ಜೇಮಿಯೇ ಆ ಹೊಣೆ ಹೊತ್ತ. ಎಕ್ಸ್ಎಲ್ ಎಂಬ ರೆಕಾರ್ಡ್ ಕಂಪನಿಯ ಪುಟ್ಟ ಸ್ಟುಡಿಯೋದಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು, ಧ್ವನಿಮುದ್ರಣ ನಡೆಯಿತು. ಇವರ ಕಿವಿಯಲ್ಲಿದ್ದದ್ದು ಗಿಟಾರ್ ಬ್ಯಾಂಡುಗಳಷ್ಟೇ ಅಲ್ಲ, ಆಲಿಯಾಳಂಥ ಅಮೆರಿಕದ ಆರ್ ಅಂಡ್ ಬಿ ಗಾಯಕಿಯರೂ ಸಹ.

‘ಕ್ರಿಸ್ಟಲೈಸ್ಡ್’ ಹಾಡನ್ನೇ ತೆಗೆದುಕೊಳ್ಳಿ. ಗಿಟಾರಿನ ಒಂಟಿ ಎಳೆ, ಅದರ ಕೆಳಗೆ ಬೇಸ್. ರೋಮಿ, ಆಲಿವರ್ ಸರದಿಯಂತೆ ಹಾಡುತ್ತಾರೆ, ಪಕ್ಕದ ಕೋಣೆಯವರಿಗೆ ಎಚ್ಚರವಾದೀತೆಂಬ ಅಳುಕಿನ ದನಿಯಲ್ಲಿ. ಹಾಡು ಮುಗಿಯುವ ಹೊತ್ತಿಗೆ ಇಬ್ಬರ ಸಾಲುಗಳೂ ಒಂದರ ಮೇಲೊಂದು ಬೀಳುತ್ತವೆ. ಆದರೂ ಗದ್ದಲವಾಗುವುದಿಲ್ಲ, ಎರಡೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಯಾಕೆಂದರೆ ಸುತ್ತ ಬೇರೇನೂ ಇಲ್ಲ. ಅನುಭವಸ್ಥ ನಿರ್ಮಾಪಕ ಇಲ್ಲೊಂದು ಪಿಟೀಲಿನ ಗುಂಪನ್ನು ಖಂಡಿತ ತುರುಕುತ್ತಿದ್ದ.

ಇವರನ್ನು ಜೋಡಿ ಎಂದುಕೊಂಡು ಕೇಳಿದರೆ ಹಾಡಿನ ಸ್ವಾರಸ್ಯವೇ ತಪ್ಪಿಹೋಗುತ್ತದೆ. ರೋಮಿ, ಆಲಿವರ್ ಇಬ್ಬರೂ ಸಲಿಂಗಿಗಳು. ಒಬ್ಬರಿಗೊಬ್ಬರು ಹಾಡಿಕೊಳ್ಳುತ್ತಿಲ್ಲ, ತಂತಮ್ಮ ಪ್ರೇಮವನ್ನು ಅಕ್ಕಪಕ್ಕ ನಿಂತು ಹಾಡುತ್ತಿದ್ದಾರೆ. ಹಾಡಿನ ಮಾತುಗಳಲ್ಲಿ ನಾನು, ನೀನು, ಇಷ್ಟರಲ್ಲೇ ಕಥೆ ಮುಗಿಯುತ್ತದೆ.

ಆಲ್ಬಮ್ಮಿನ ಹನ್ನೊಂದು ತುಣುಕುಗಳೂ ಚಿನ್ನವೇನಲ್ಲ. ‘ಫ್ಯಾಂಟಸಿ’ ನನಗೆ ಹಾಡಿಗಿಂತ ಮಂಜು ಅನ್ನಿಸುತ್ತದೆ. ಆದರೆ ಅದರ ಬೆನ್ನಿಗೇ ‘ಶೆಲ್ಟರ್’ ಬರುತ್ತದೆ. ರೋಮಿಯೊಬ್ಬಳೇ ಕ್ಷಮೆ ಕೇಳುವಂತೆ ಹಾಡುತ್ತಾಳೆ. ಅದನ್ನು ಕೇಳಿದ ಮೇಲೆ ಹಿಂದಿನದ್ದೆಲ್ಲ ಮಾಫಿ.

ವರ್ಷ ಮುಗಿಯುವುದರೊಳಗೆ ಖುರೇಶಿ ತಂಡ ಬಿಟ್ಟರು, ಉಳಿದವರು ಮೂವರು. 2010ರ ಮೇ ತಿಂಗಳ ಬ್ರಿಟಿಷ್ ಚುನಾವಣೆಗೆ ಬಿಬಿಸಿ ತನ್ನ ಪ್ರಸಾರದಲ್ಲಿ ಬಳಸಿಕೊಂಡದ್ದು ಈ ಆಲ್ಬಮ್ಮಿನ ಮೊದಲ ತುಣುಕು, ಮಾತಿಲ್ಲದ ‘ಇಂಟ್ರೊ’ವನ್ನು. ಅತಂತ್ರ ಪಾರ್ಲಿಮೆಂಟಿನ ಲೆಕ್ಕಾಚಾರಕ್ಕೆ ಅದು ಚೆನ್ನಾಗಿಯೇ ಹೊಂದಿತ್ತು. ಸೆಪ್ಟೆಂಬರಿನಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ, 20,000 ಪೌಂಡ್. ಎದುರಿಗಿದ್ದವರಲ್ಲಿ ಪಾಲ್ ವೆಲರ್, ಡಿಜ್ಜಿ ರ್‍ಯಾಸ್ಕಲ್‌ರಂಥವರಿದ್ದರು. ಆಮೇಲೆ ಮಾರಾಟ ಏರಿ, ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೇ ಸ್ಥಾನ ಮುಟ್ಟಿತು. ಮರುವರ್ಷ ರಿಯಾನಾ ಕೂಡ ಅದೇ ‘ಇಂಟ್ರೊ’ವನ್ನು ತನ್ನ ಹಾಡೊಂದಕ್ಕೆ ಎತ್ತಿಕೊಂಡಳು.

ಎಲ್ಲ ಸೇರಿ 38 ನಿಮಿಷ. ಮೊಬೈಲ್ ಸ್ಪೀಕರಿನಲ್ಲಿ ಹಾಕಬೇಡಿ, ಆಲಿವರ್‌ನ ಬೇಸ್ ಅರ್ಧಕ್ಕರ್ಧ ಮಾಯವಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಎರಡನೇ ಹಾಡು ‘ವಿಸಿಆರ್’ನಿಂದ ಶುರುಮಾಡಿ, ಇಷ್ಟವಾದರೆ ಮಾತ್ರ ಮೊದಲಿನಿಂದ ಕೇಳಿ. ನಮಸ್ಕಾರ.